ಪಂಡಿತಾ ರಮಾಬಾಯಿಯವರು

ಪಂಡಿತಾ ರಮಾಬಾಯಿಯವರ ಹೆಸರನ್ನು ಕೇಳದವರು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ವಿರಳ. ಅವರ ಪಾಂಡಿತ್ಯವನ್ನು ಲೋಕವೇ ಕೊಂಡಾಡಿದೆ. ನಾವಾದರೋ ಮನನೊಂದ ಹೆಣ್ಣುಮಕ್ಕಳನ್ನು ಅವರು ಸಲಹಿದ ಬಗೆಯನ್ನು ಇಲ್ಲಿ ಸಂಕ್ಷೇಪವಾಗಿ ನೆನೆಯಬಯಸುತ್ತೇವೆ.

ರಮಾಬಾಯಿಯವರು 1858ನೆಯ ಇಸವಿ ಏಪ್ರಿಲ್ 23ರಂದು ನಮ್ಮ ಕನ್ನಡ ನಾಡಿನ ಪಶ್ಚಿಮ ಘಟ್ಟದ ಗಂಗಾಮೂಲದ ಅರಣ್ಯದಲ್ಲಿ ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಜನನಿಂದೆಗೆ ಅಂಜದೆ ಪತ್ನಿಗೆ ಸಂಸ್ಕೃತವನ್ನು ಕಲಿಸಿದ್ದರು. ಆ ತಾಯಿಯೇ ಮಗಳಿಗೆ ಗುರುವಾದರು. ಕುಟುಂಬವು ತೀರ್ಥದಿಂದ ತೀರ್ಥಕ್ಕೆ ಅಲೆಯುತ್ತಿರಲು, 1870ರ ದಶಕದ ಕ್ಷಾಮವು ಬಂದೊದಗಿ ತಂದೆ, ತಾಯಿ, ಅಕ್ಕ ಮೂವರೂ ತೀರಿಕೊಂಡರು. 1880ರಲ್ಲಿ ಅಣ್ಣನೂ, 1882ರಲ್ಲಿ ಪತಿಯೂ ಅಗಲಿದರು. ರಮಾಬಾಯಿಯವರು ಕೈಗೂಸಾದ ಮನೋರಮೆಯೊಡನೆ ವಿಧವೆಯಾಗಿ ಉಳಿದರು.

1883ರಲ್ಲಿ ಇಂಗ್ಲೆಂಡಿಗೆ ಹೋದ ಅವರು ಅಲ್ಲಿಯೇ ಕ್ರೈಸ್ತ ದೀಕ್ಷೆಯನ್ನು ಪಡೆದರು. ಸಮಾಜವು ತಳ್ಳಿಹಾಕಿದ ಸ್ತ್ರೀಯರನ್ನು ಲಂಡನ್ನಿನ ಫುಲ್‌ಹ್ಯಾಮಿನಲ್ಲಿ ಕ್ರೈಸ್ತ ಸಹೋದರಿಯರು ಆದರದಿಂದ ನೋಡಿಕೊಳ್ಳುತ್ತಿದ್ದುದು ಅವರ ಮನಸ್ಸಿನಲ್ಲಿ ಅಚ್ಚೊತ್ತಿತು.

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಅವರು ಶಾರದಾ ಸದನವನ್ನು ತೆರೆದರು. ಮನೆಯಲ್ಲಿ ಅಪಶಕುನವೆನಿಸಿದ್ದ ಬಾಲವಿಧವೆಗೆ ಅಲ್ಲಿ ಪುಸ್ತಕವೂ ಗೆಳತಿಯರೂ ದೊರೆತರು. ಮೊದಲ ವಿಧವಾ ವಿದ್ಯಾರ್ಥಿನಿ ಗೋದೂಬಾಯಿಯವರು 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ವಿವಾಹವಾದರು. ಅದೇ ವರ್ಷ ಮತಾಂತರದ ಆಪಾದನೆಯೆದ್ದು ಅನೇಕ ಪೋಷಕರು ತಮ್ಮ ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಆದರೂ ರಮಾಬಾಯಿಯವರು ಕೆಲಸವನ್ನು ಬಿಡಲಿಲ್ಲ.

1896ರಲ್ಲಿ ಮಧ್ಯ ಪ್ರಾಂತ್ಯದಲ್ಲಿ ಕ್ಷಾಮವು ತಲೆದೋರಲು, ತಮ್ಮ ಎಳವೆಯ ಹಸಿವು ಅವರ ಕಣ್ಣಮುಂದೆ ನಿಂತಿತು. ತಾವೇ ಅಲ್ಲಿಗೆ ಹೋಗಿ ನೂರಾರು ಅನಾಥೆಯರನ್ನು ಕರೆತಂದು ಪುಣೆಯ ಬಳಿಯ ಕೇಡಗಾಂವಿನಲ್ಲಿ ನೆಲೆಗೊಳಿಸಿದರು. ಆ ನೆಲೆಯೇ ಮುಕ್ತಿ ಸದನವಾಯಿತು. 1900ರ ಕ್ಷಾಮದ ತರುವಾಯ ಅಲ್ಲಿ ಆಶ್ರಯ ಪಡೆದವರು ಸುಮಾರು 2000 ಮಂದಿ. ಮೊದಲು ಅನ್ನ, ವಸ್ತ್ರ, ಶುಶ್ರೂಷೆ, ಆಮೇಲೆ ಪಾಠ. ಮುಂಚೆ ಬಂದ ಹುಡುಗಿಯರೇ ಹೊಸಬರಿಗೆ ಅಕ್ಕಂದಿರಾದರು. ನೇಯ್ಗೆ, ಬೇಸಾಯ, ಮುದ್ರಣ ಮೊದಲಾದ ಕಸುಬುಗಳಿಂದ ಅವರಿಗೆ ತಮ್ಮ ಕೈಗಳ ಮೇಲೆ ತಮಗೇ ನಂಬಿಕೆ ಹುಟ್ಟಿತು. ಕುರುಡು ಬಾಲೆಯರಿಗೆ ಮನೋರಮಾಬಾಯಿಯವರು ಬ್ರೈಲ್ ಲಿಪಿಯನ್ನು ಕಲಿಸಿದರು.

ಆಘಾತಕ್ಕೊಳಗಾದವರಿಗೆ ಮೊದಲು ಬೇಕಾದುದು ಅಭಯ; ಬಳಿಕ ನಂಬಿಕೆ, ಒಡನಾಡಿಗಳು, ಸ್ವಾವಲಂಬನ ಎಂದು ಇಂದಿನ ಮನೋವೈದ್ಯರು ಹೇಳುತ್ತಾರೆ. ರಮಾಬಾಯಿಯವರು ಇದನ್ನು ಶಾಸ್ತ್ರದಿಂದಲ್ಲ, ತಮ್ಮ ಸಂಕಟದಿಂದಲೇ ಅರಿತಿದ್ದರು.

1921ರಲ್ಲಿ ಮನೋರಮೆಯು ತಾಯಿಗಿಂತ ಮೊದಲೇ ತೀರಿಕೊಂಡರು. 1922ರ ಏಪ್ರಿಲ್ 5ರಂದು ರಮಾಬಾಯಿಯವರೂ ದೈವಾಧೀನರಾದರು.

ನಮ್ಮ ಮನೆಗಳಲ್ಲಿಯೂ ತರಗತಿಗಳಲ್ಲಿಯೂ ಹಟಮಾರಿಯಾದ, ಇಲ್ಲವೆ ಮಾತೇ ಆಡದ ಮಗುವೊಂದು ಇದ್ದೀತು. ಅದನ್ನು ದಂಡಿಸುವ ಮುನ್ನ ಅದು ಪಟ್ಟ ಪಾಡೇನೆಂದು ವಿಚಾರಿಸೋಣ. ಈ ಮಹನೀಯೆಯನ್ನು ಸ್ಮರಿಸಲು ನಮಗೆ ಇದಕ್ಕಿಂತ ಉತ್ತಮವಾದ ದಾರಿ ತೋರದು.