ಎದುವಾರ್ ಲಾರ್ತೆ: ಹಿಮಯುಗದ ಮಾನವನ ಶೋಧಕ

ಯುರೋಪಿನ ಪ್ರಾಗಿತಿಹಾಸವನ್ನು ಕುರಿತು ಬರೆಯುವವರು ಎದುವಾರ್ ಲಾರ್ತೆಯನ್ನು ಬಿಟ್ಟು ಮುಂದುವರಿಯಲಾರರು. 1801ರಲ್ಲಿ ನೈರುತ್ಯ ಫ್ರಾನ್ಸಿನಲ್ಲಿ ಜನಿಸಿದ ಈತ ತುಲೂಸಿನಲ್ಲಿ ಕಾನೂನು ಓದಿ ವಕೀಲನಾದವನು. ಆದರೆ ನ್ಯಾಯಾಲಯಕ್ಕಿಂತ ನೆಲದೊಳಗಿನ ಎಲುಬುಗಳೇ ಅವನನ್ನು ಹೆಚ್ಚಾಗಿ ಸೆಳೆದವು. 1834ರಿಂದ ಸಾಂಸಾನ್ ಎಂಬಲ್ಲಿ ಅಗೆಸತೊಡಗಿದ ಅವನಿಗೆ ಕೆಲವೇ ವರ್ಷಗಳಲ್ಲಿ ಪುರಾತನ ವಾನರವೊಂದರ ದವಡೆ ದೊರೆಯಿತು. ಆ ನಾಡು ಒಂದು ಕಾಲಕ್ಕೆ ವಾನರಗಳು ಬಾಳುವಷ್ಟು ಬೆಚ್ಚಗಿತ್ತೆಂಬುದಕ್ಕೆ ಅದು ಸಾಕ್ಷಿ. ಅದೇ ನಾಡಿನ ಕಡುಚಳಿಯ ಕಥೆಯನ್ನೂ ಮುಂದೆ ಅವನೇ ಬೆಳಕಿಗೆ ತಂದದ್ದು ವಿಶೇಷ.

ಒರಿನ್ಯಾಕ್ ಪ್ರಸಂಗ ವಿಷಾದಕರವಾದುದು. 1852ರಲ್ಲಿ ರಸ್ತೆ ಕೆಲಸಗಾರನೊಬ್ಬ ಅಲ್ಲಿಯ ಗುಹೆಯೊಂದನ್ನು ತೆರೆದಾಗ 17 ಜನರ ಅಸ್ಥಿಗಳು ಕಂಡವು. ಊರಿನ ಮೇಯರ್, ತಾನೇ ವೈದ್ಯನಾಗಿದ್ದವನು, ಅವೆಲ್ಲವನ್ನೂ ಸ್ಮಶಾನದಲ್ಲಿ ಹೂಳಿಸಿಬಿಟ್ಟ. 1860ರಲ್ಲಿ ಲಾರ್ತೆ ಹೋಗಿ ವಿಚಾರಿಸಿದರೆ ಹೂಳಿದ ಜಾಗವನ್ನು ತೋರಿಸಬಲ್ಲವರೇ ಇರಲಿಲ್ಲ! ಅವನು ಗುಹೆಯ ಮುಂದಿನ ನೆಲವನ್ನು ಅಗೆಸಿದ. ಒಲೆಯ ಬೂದಿ, ಕಲ್ಲಿನ ಉಪಕರಣ, ನಿರ್ನಾಮವಾದ ಪ್ರಾಣಿಗಳ ಮೂಳೆಗಳು ಒಟ್ಟಿಗೇ ದೊರೆತವು. ಆ ಶವಗಳೂ ಅಷ್ಟೇ ಪ್ರಾಚೀನವೆಂದು ಅವನು ನಂಬಿದ; ಅವು ಬಹಳ ಈಚಿನವೆಂದು ಮುಂದಿನ ವಿದ್ವಾಂಸರು ತೀರ್ಮಾನಿಸಿದರು. ಆದರೆ ಮಾನವನು ಆ ಪ್ರಾಣಿಗಳ ಸಮಕಾಲೀನನೆಂಬ ಅವನ ಮುಖ್ಯ ವಾದ ಅಲುಗಲಿಲ್ಲ.

1861ರಲ್ಲಿ ಅವನು ಪ್ರಾಚೀನ ಕಾಲವನ್ನು ಗುಹೆಕರಡಿ, ಮಹಾಗಜ ಹಾಗೂ ಖಡ್ಗಮೃಗ, ಹಿಮಸಾರಂಗ, ಕಾಡುವೃಷಭ ಎಂದು ಪ್ರಾಣಿಗಳ ಹೆಸರಿನಲ್ಲಿ ವಿಭಾಗಿಸಿದ. ಇಂದು ಉತ್ತರದ ಶೀತಪ್ರದೇಶಗಳಲ್ಲಿ ಮಾತ್ರ ಬಾಳುವ ಹಿಮಸಾರಂಗದ ಮೂಳೆಗಳು ದಕ್ಷಿಣದ ಗುಹೆಗಳಲ್ಲಿ ರಾಶಿಯಾಗಿ ಬಿದ್ದಿದ್ದರೆ, ಅಲ್ಲಿ ಹಿಂದೆ ಎಂಥ ಚಳಿ ಇದ್ದಿರಬೇಕು! ಉಪಕರಣಗಳನ್ನು ಆಧರಿಸಿದ ಮೋರ್ತಿಯೆಯ ವಿಭಜನೆ ಬೇಗನೆ ಇದನ್ನು ಹಿಂದಿಕ್ಕಿತು. ಆದರೂ ಹವಾಮಾನವನ್ನು ಮಾನವಚರಿತ್ರೆಯ ಅಳತೆಗೋಲಾಗಿಸಿದ ಈ ಕ್ರಮಕ್ಕೆ ಸಲ್ಲಬೇಕಾದ ಗೌರವ ಸಂದಿಲ್ಲವೆಂದೇ ನನ್ನ ಭಾವನೆ.

1863ರಿಂದ ಇಂಗ್ಲೆಂಡಿನ ಹೆನ್ರಿ ಕ್ರಿಸ್ಟಿಯ ಧನಸಹಾಯದೊಡನೆ ವೆಝೇರ್ ಕಣಿವೆಯಲ್ಲಿ ಉತ್ಖನನ ನಡೆಯಿತು. 1864ರಲ್ಲಿ ಲಾ ಮದ್ಲೆನ್‌ನಲ್ಲಿ ದಂತದ ಕೆಲವು ಚೂರುಗಳು ಸಿಕ್ಕವು. ಜೋಡಿಸಿ ನೋಡಿದರೆ ಅದರ ಮೇಲೆ ಗೀರು ಗೀರಾದ ರೇಖೆಗಳು. ಆಗ ಅಲ್ಲಿಗೆ ಬಂದಿದ್ದ ಹ್ಯೂ ಫಾಲ್ಕನರ್ ಅದರಲ್ಲಿ ಮಹಾಗಜದ ತಲೆಯನ್ನು ಗುರುತಿಸಿದ. ನಮ್ಮ ಶಿವಾಲಿಕ್ ಬೆಟ್ಟಗಳಲ್ಲಿ ಪ್ರಾಚೀನ ಆನೆಗಳ ಅವಶೇಷಗಳನ್ನು ಅಭ್ಯಸಿಸಿದ ಕಣ್ಣು ಅದು. ಮಹಾಗಜವನ್ನು ಕಣ್ಣಾರೆ ಕಂಡವನಲ್ಲದೆ ಬೇರಾರು ಅದರ ಜೂಲನ್ನು ಹಾಗೆ ಕೆತ್ತಬಲ್ಲರು?

ಕ್ರಿಸ್ಟಿ 1865ರಲ್ಲೇ ತೀರಿಕೊಂಡ. 1868ರಲ್ಲಿ ಲಾರ್ತೆಯ ಮಗ ಲೂಯಿ, ಕ್ರೋಮ್ಯಾನ್ಯೋನ್ ಮಾನವರ ಅವಶೇಷಗಳನ್ನು ಶೋಧಿಸಿದ. 1869ರಲ್ಲಿ ತಂದೆಗೆ ಪ್ಯಾರಿಸಿನ ವಸ್ತುಸಂಗ್ರಹಾಲಯದಲ್ಲಿ ಪ್ರಾಧ್ಯಾಪಕ ಪದವಿ ದೊರೆತಾಗ ಅವನಿಗೆ 68 ವರ್ಷ. 1871ರಲ್ಲಿ ಅವನೂ ಗತಿಸಿದ. ಗೆಳೆಯರಿಬ್ಬರ ಹೆಸರಿನಲ್ಲಿ ಭಾಗಭಾಗವಾಗಿ ಹೊರಬರುತ್ತಿದ್ದ ವೆಝೇರ್ ಶೋಧಗಳ ಗ್ರಂಥ ಪೂರ್ಣಗೊಂಡದ್ದು 1875ರಲ್ಲಿ.