ಎರಡಾಣೆಯ ಉಳಿತಾಯ ಕಲಿಸಿದ ಡಾ. ಟಿ.ಎಂ.ಎ. ಪೈ

ಬಿಡಕಿನ್: ಛತ್ರಪತಿ ಸಂಭಾಜಿನಗರದಿಂದ ಪೈಠಣಕ್ಕೆ ಹೋಗುವ ರಸ್ತೆಯಲ್ಲಿರುವ ಈ ಊರಿನಲ್ಲಿ 7,855 ಎಕರೆಯ ಕೈಗಾರಿಕಾ ಪ್ರದೇಶವು 2024ರ ಸೆಪ್ಟೆಂಬರ್ 29ರಂದು ರಾಷ್ಟ್ರಕ್ಕೆ ಸಮರ್ಪಣೆಗೊಂಡಿತು. ಕಾರ್ಖಾನೆಗಳು ಬರುವಲ್ಲಿಗೆ ಚಹಾದ ಗಾಡಿ, ಇಸ್ತ್ರಿ ಮೇಜು, ತರಕಾರಿ ಬುಟ್ಟಿಯನ್ನೇ ನಂಬಿದವರೂ ಬರುತ್ತಾರೆ. ಕಾರ್ಖಾನೆಗೆ ಕೋಟಿಗಟ್ಟಲೆ ಸಾಲ ಕೊಡುವವರಿದ್ದಾರೆ; ಗಾಡಿಯವನಿಗೆ ಯಾರು? ಈ ಪ್ರಶ್ನೆಗೆ ಸುಮಾರು ನೂರು ವರ್ಷಗಳ ಹಿಂದೆಯೇ ಉಡುಪಿಯಲ್ಲಿ ಉತ್ತರ ಕಂಡುಕೊಂಡವರು ದಿ. ಡಾ. ತೋನ್ಸೆ ಮಾಧವ ಅನಂತ ಪೈಯವರು.

1898ರ ಏಪ್ರಿಲ್ 30ರಂದು ಉಡುಪಿ ಸಮೀಪದ ಕಲ್ಯಾಣಪುರದಲ್ಲಿ ಜನಿಸಿದ ಪೈಯವರು ಮದ್ರಾಸಿನಲ್ಲಿ ವೈದ್ಯಕೀಯ ವಿದ್ಯಾಭ್ಯಾಸ ಮುಗಿಸಿ ಊರಿಗೆ ಮರಳಿ ವೃತ್ತಿ ಆರಂಭಿಸಿದರು. ಕಾಯಿಲೆ, ಬಡತನ, ಅನಕ್ಷರತೆ ಒಂದಕ್ಕೊಂದು ಹೆಣೆದುಕೊಂಡಿವೆ, ಔಷಧಿಯೊಂದರಿಂದಲೇ ಜನರ ಕಷ್ಟ ತೀರದು ಎಂಬುದು ಅವರ ನಂಬಿಕೆಯಾಗಿತ್ತು. ಆಗ ಕರಾವಳಿಯ ಕೈಮಗ್ಗದ ಕಸುಬು ಸಂಕಷ್ಟದಲ್ಲಿತ್ತು. ನೇಕಾರರಿಗೆ ನೆರವಾಗಲೆಂದು 1925ರಲ್ಲಿ ಅಣ್ಣ ಉಪೇಂದ್ರ ಅನಂತ ಪೈ ಹಾಗೂ ಇಂಜಿನಿಯರ್ ವಾಮನ ಕುಡ್ವರ ಜತೆಗೂಡಿ ಅವರು ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಸ್ಥಾಪಿಸಿದರು. ಮೂಲ ಬಂಡವಾಳ ಕೇವಲ 8,000 ರೂಪಾಯಿ.

ಸಾಲ ಕೊಡಲು ಹಣ ಬೇಕು, ಬಡವರಲ್ಲಿ ಹಣವಿಲ್ಲ ಎಂಬುದು ಎಲ್ಲರ ಮಾತು. ಬಡವರ ಕೈಯಲ್ಲಿ ದಿನವೂ ಹಣ ಓಡಾಡುತ್ತದೆ, ನಿಲ್ಲುವುದಿಲ್ಲ ಅಷ್ಟೇ. ಇದನ್ನು ಅರಿತು 1928ರಲ್ಲಿ ಪಿಗ್ಮಿ ಠೇವಣಿ ಯೋಜನೆ ಆರಂಭಿಸಲಾಯಿತು. ಬ್ಯಾಂಕಿನ ಏಜೆಂಟರು ಮನೆ, ಅಂಗಡಿಗಳ ಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆಯಷ್ಟನ್ನೂ ಸಂಗ್ರಹಿಸಿದರು. ಎರಡಾಣೆಯೆಂದರೆ ತಿಂಗಳಿಗೆ ಮೂರು ರೂಪಾಯಿ ಹನ್ನೆರಡಾಣೆ. ವರ್ಷಕ್ಕೆ ಬಡ್ಡಿ ಬಿಟ್ಟು 45 ರೂಪಾಯಿ ಹತ್ತಾಣೆ. ಮೀಟರ್ ಬಡ್ಡಿಯವನೂ ದಿನವೂ ಬರುತ್ತಾನೆ. ಆದರೆ ಅವನು ಒಯ್ದದ್ದು ಅವನ ಪಾಲು. ಪಿಗ್ಮಿಯವನು ಒಯ್ದದ್ದು ಕೊಟ್ಟವರ ಹೆಸರಿನಲ್ಲೇ ಬೆಳೆಯುತ್ತಿತ್ತು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುವವರೂ ಖಾತೆದಾರರಾದರು. ಹೀಗೆ ಊರಿನ ಚಿಲ್ಲರೆ ಕಾಸು ಊರಿನ ಕಸುಬಿಗೆ ಬಂಡವಾಳವಾಯಿತು.

ಪೈಯವರು 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್, 1953ರಲ್ಲಿ ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜು ಸ್ಥಾಪಿಸಿದರು. ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಅವರ ಸಂಸ್ಥೆ 1969ರಲ್ಲಿ ರಾಷ್ಟ್ರೀಕರಣಗೊಂಡಿತು. 1972ರಲ್ಲಿ ಅವರಿಗೆ ಪದ್ಮಶ್ರೀ ಲಭಿಸಿತು. 1979ರ ಮೇ 29ರಂದು ಅವರು ನಿಧನರಾದರು. 2020ರ ಏಪ್ರಿಲ್ 1ರಂದು ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿ ಫಲಕದ ಹೆಸರು ಅಳಿಯಿತು.

ಹೆಸರು ಅಳಿದರೂ ಪಾಠ ಉಳಿದಿದೆ. ಉಡುಪಿಯಲ್ಲಿ ನೇಕಾರರಿದ್ದಂತೆ ಬಿಡಕಿನ್‌ನ ಮುಂದಿನ ಪೈಠಣದಲ್ಲಿ ಪೈಠಣಿ ಸೀರೆ ನೇಯುವವರಿದ್ದಾರೆ. ಅವರ ಕೈಗೂ ಬಂಡವಾಳ ತಲುಪಿದಾಗಲೇ ಕೈಗಾರಿಕೆಯಿಂದ ಊರು ಬೆಳೆಯಿತೆನ್ನಬಹುದು. ನಮ್ಮ ಸಂಘದ ಬಂಧುಗಳು ತಮ್ಮ ಹೋಟೆಲಿನ ಹುಡುಗರಿಗೆ, ಎದುರಿನ ಗಾಡಿಯವರಿಗೆ ಒಂದು ಖಾತೆ ತೆರೆಸಿ, ಫಾರ್ಮ್ ತುಂಬಿಸಿಕೊಟ್ಟರೆ ಅದೇ ಪೈಯವರಿಗೆ ಸಲ್ಲುವ ನಿಜವಾದ ಗೌರವ.