ಬಂಕಿಗೆ ಸೀಲ್ ಹಾಕಿದ ಕೆಜಿಎಫ್ ಹುಡುಗ

ಕೆಜಿಎಫ್ ಅಂದ ಕೂಡಲೇ ಈಗಿನವರಿಗೆ ನೆನಪಾಗೋದು ಸಿನಿಮಾ. ನಾನು ಎಂಜಿನಿಯರಿಂಗ್ ಓದುತ್ತಿದ್ದ ಕಾಲಕ್ಕೆ ಆ ಊರಿನ ಹೆಸರಿನ ಜೊತೆ ಇನ್ನೊಂದು ಹೆಸರು ಬರುತ್ತಿತ್ತು: ಷಣ್ಮುಗಂ ಮಂಜುನಾಥ್. ಇಂಡಿಯನ್ ಆಯಿಲ್ ಕಂಪನಿಯ ಅಧಿಕಾರಿ. ಕಲಬೆರಕೆ ಇಂಧನ ಮಾರುತ್ತಿದ್ದ ಬಂಕಿಗೆ ಸೀಲ್ ಹಾಕಿದ್ದಕ್ಕೆ 27ನೇ ವಯಸ್ಸಿನಲ್ಲಿ ಕೊಲೆಯಾದವರು. ಇವತ್ತು ಕಾಲೇಜು ಹುಡುಗರನ್ನ ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ಯಾರು ಅಂತಾರೆ. ಅವರ ತಪ್ಪೇನಿಲ್ಲ, 2005ರಲ್ಲಿ ಅವರಿನ್ನೂ ಕೂಸುಗಳು.

ಮಂಜುನಾಥ್ ಹುಟ್ಟಿದ್ದು 1978ರ ಫೆಬ್ರವರಿ 23ರಂದು ಕೋಲಾರದಲ್ಲಿ, ಬೆಳೆದದ್ದು ಕೆಜಿಎಫ್‌ನಲ್ಲಿ. ಅಪ್ಪ ಬೆಮೆಲ್ ನೌಕರ. ಕೇಂದ್ರೀಯ ವಿದ್ಯಾಲಯದಲ್ಲಿ ಓದು. ಚಿನ್ನದ ಗಣಿ ಆಗಲೇ ಕೊನೆಯುಸಿರು ಎಳೆಯುತ್ತಿತ್ತು, 2001ರಲ್ಲಿ ಪೂರ್ತಿ ಮುಚ್ಚಿತು. ಅಂಥ ಊರಲ್ಲಿ ಸರ್ಕಾರಿ ಕಂಪನಿಯ ಸಂಬಳ ಅಂದರೆ ಏನು ಅಂತ ಆ ಮನೆಗಳಲ್ಲಿ ಬೆಳೆದವರಿಗೆ ಹೇಳಿಕೊಡಬೇಕಿಲ್ಲ. ಮೈಸೂರಿನ ಎಸ್‌ಜೆಸಿಇಯಲ್ಲಿ ಕಂಪ್ಯೂಟರ್ ಸೈನ್ಸ್ ಮುಗಿಸಿದ್ದು 2000ದಲ್ಲಿ. ಲಖನೌ ಐಐಎಂನಿಂದ ಎಂಬಿಎ ತೆಗೆದುಕೊಂಡಿದ್ದು 2003ರಲ್ಲಿ. ಅಲ್ಲಿ ಗೆಳೆಯರು ಕರೆಯುತ್ತಿದ್ದದ್ದು ಮಚಾನ್ ಅಂತ. ಬ್ಯಾಂಡ್‌ನಲ್ಲಿ ಹಾಡುತ್ತಿದ್ದರು. ಈ ಎರಡು ಡಿಗ್ರಿ ಕೈಯಲ್ಲಿದ್ದವರು ಆಗ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗೋ ಮುಂಬೈ ಬ್ಯಾಂಕಿಗೋ ಹೋಗುವುದು ವಾಡಿಕೆ. ಮಂಜುನಾಥ್ ಸೇರಿದ್ದು ಇಂಡಿಯನ್ ಆಯಿಲ್. ಸಿಕ್ಕ ಜಾಗ ಉತ್ತರ ಪ್ರದೇಶದ ಲಖೀಂಪುರ ಖೇರಿ, ನೇಪಾಳದ ಗಡಿಗೆ ಹತ್ತಿಕೊಂಡ ಕಬ್ಬಿನ ಸೀಮೆ.

ಅಲ್ಲಿ ಅವರ ಕೆಲಸದಲ್ಲಿ ಸಾಹಸ ಏನಿಲ್ಲ. ಬಂಕುಗಳಿಗೆ ಹೋಗಬೇಕು, ಸ್ಟಾಕ್ ಲೆಕ್ಕ ನೋಡಬೇಕು, ಸ್ಯಾಂಪಲ್ ತೆಗೆಯಬೇಕು. ಗಾಜಿನ ಜಾರ್, ಹೈಡ್ರೋಮೀಟರ್, ಥರ್ಮಾಮೀಟರ್ ಇಟ್ಟುಕೊಂಡು ಸಾಂದ್ರತೆ ಅಳೆಯಬೇಕು. 15 ಡಿಗ್ರಿ ಉಷ್ಣತೆಗೆ ಹೊಂದಿಸಿದ ಲೆಕ್ಕ, ಬಂಕಿನ ದಾಖಲೆಯಲ್ಲಿರೋ ಲೆಕ್ಕಕ್ಕಿಂತ ಘನ ಮೀಟರಿಗೆ 3 ಕೆ.ಜಿ.ಗಿಂತ ಹೆಚ್ಚು ಆಚೀಚೆ ಆದರೆ ಅನುಮಾನ, ಸ್ಯಾಂಪಲ್ ಲ್ಯಾಬಿಗೆ. ಪಿಯುಸಿ ಹುಡುಗನೂ ಮಾಡಬಹುದಾದ ಪರೀಕ್ಷೆ. ಆಮೇಲೆ ವರದಿ ಬರೆದು ಕೆಳಗೆ ಸಹಿ ಹಾಕಬೇಕು. ಎಡವಟ್ಟು ಇರೋದು ಆ ಸಹಿಯಲ್ಲೇ.

ಕಲಬೆರಕೆ ಯಾಕೆ ನಡೆಯುತ್ತಿತ್ತು ಅನ್ನೋದಕ್ಕೆ ಲಖೀಂಪುರಕ್ಕೆ ಹೋಗಬೇಕಿಲ್ಲ. ನಮ್ಮ ಸಿರುಗುಪ್ಪ ತಾಲ್ಲೂಕಿನ ಕರೂರಿನಲ್ಲಿ ನಿಂತೇ ಹೇಳಬಹುದು. ನನ್ನ ವಯಸ್ಸಿನವರಿಗೆ ರೇಷನ್ ಅಂಗಡಿಯ ನೀಲಿ ಸೀಮೆಎಣ್ಣೆ ನೆನಪಿರುತ್ತೆ. ಆ ನೀಲಿ ಬಣ್ಣ ಹಾಕುತ್ತಿದ್ದದ್ದೇ ಅದು ಬಡವರ ಲ್ಯಾಂಪಿಗೆ, ಸ್ಟೌವಿಗೆ ಬಂದ ಎಣ್ಣೆ ಅಂತ ಗುರುತು ಸಿಗಲಿ ಅಂತ. 2005ರಲ್ಲಿ ಅದರ ಬೆಲೆ ಲೀಟರಿಗೆ 9 ರೂಪಾಯಿ ಆಸುಪಾಸು, ಡೀಸೆಲ್ 30 ರೂಪಾಯಿ ಆಸುಪಾಸು. ಲೀಟರಿಗೆ 20 ರೂಪಾಯಿ ಅಂತರ ಸರ್ಕಾರವೇ ಇಟ್ಟುಕೊಟ್ಟ ಹಾಗೆ. ಬಡವರ ಸೀಮೆಎಣ್ಣೆಯಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಬೇರೆ ಕಡೆ ಹರಿದುಹೋಗುತ್ತಿದೆ ಅಂತ ಅದೇ ವರ್ಷ ಎನ್‌ಸಿಎಇಆರ್ ಅಧ್ಯಯನ ಹೇಳಿತ್ತು. ಅಂದರೆ ಇದು ಒಬ್ಬ ಬಂಕ್ ಮಾಲೀಕನ ಕಳ್ಳತನ ಅಲ್ಲ. ಡಿಪೊ, ಟ್ಯಾಂಕರ್, ರೇಷನ್ ಅಂಗಡಿ, ಬಂಕ್, ಇದನ್ನೆಲ್ಲ ನೋಡಬೇಕಾದ ಕಚೇರಿಗಳು, ಇಷ್ಟೂ ಕಡೆ ಯಾರೋ ಕಣ್ಣು ಮುಚ್ಚಿಕೊಂಡರೆ ಮಾತ್ರ ನಡೆಯೋ ದಂಧೆ. ಭತ್ತದ ಗದ್ದೆಗೆ ಟ್ರ್ಯಾಕ್ಟರ್ ಇಳಿಸೋ ರೈತ ಆ ಡೀಸೆಲ್‌ಗೆ ಪೂರ್ತಿ ದುಡ್ಡು ಕೊಟ್ಟು, ಎಂಜಿನ್ ಕೆಟ್ಟಾಗ ಮತ್ತೆ ದುಡ್ಡು ಕೊಡ್ತಾನೆ.

ಇಂಥ ದಂಧೆಗೆ ಮಂಜುನಾಥ್ ಅಡ್ಡ ಬಂದರು. ಕಲಬೆರಕೆ ಸಿಕ್ಕಿದ ಎರಡು ಬಂಕುಗಳನ್ನ ಮೂರು ತಿಂಗಳು ಮುಚ್ಚಿಸಿದರು. ಅದರಲ್ಲೊಂದು ಒಂದೇ ತಿಂಗಳಿಗೆ ಮತ್ತೆ ತೆರೆಯಿತು. ಇಡೀ ಕಥೆಯಲ್ಲಿ ನನ್ನನ್ನ ಕಾಡೋದು ಗುಂಡಿಗಿಂತ ಈ ಸಂಗತಿ. ಸೀಲ್ ಹಾಕೋದು ಮೈದಾನದಲ್ಲಿ ನಿಂತ ಒಬ್ಬ ಹುಡುಗ. ಸೀಲ್ ತೆಗೆಯೋದು ಅವನ ತಲೆಯ ಮೇಲಿರೋ ವ್ಯವಸ್ಥೆ. ಹಾಗೆ ತೆಗೆದಾಗ ಬಂಕಿನವನಿಗೆ ಅರ್ಥವಾಗೋದು ಒಂದೇ: ನಮಗಿರೋ ತೊಂದರೆ ಕಂಪನಿಯಲ್ಲ, ಕಾನೂನಲ್ಲ, ಈ ಒಬ್ಬ ಮನುಷ್ಯ.

2005ರ ನವೆಂಬರ್ 19ರಂದು ಮಂಜುನಾಥ್ ಮತ್ತೆ ಅದೇ ಬಂಕಿಗೆ ತಪಾಸಣೆಗೆ ಹೋದರು. ಗೋಲಾ ಗೋಕರ್ಣನಾಥ ಅನ್ನೋ ಊರು. ಜೊತೆಗೆ ಪೊಲೀಸರಿಲ್ಲ. ಅವತ್ತು ರಾತ್ರಿ ಅವರನ್ನ ಗುಂಡಿಟ್ಟು ಕೊಂದರು. ಮೂರು ದಿನದಿಂದ ಮಗನ ಸುದ್ದಿ ಇಲ್ಲ ಅಂತ ಕೆಜಿಎಫ್‌ನಿಂದ ಅಪ್ಪ ಕಳಿಸಿದ ಮೆಸೇಜಿಗೆ ಉತ್ತರ ಬರಲಿಲ್ಲ. ಮೈಯಲ್ಲಿ ಆರು ಗುಂಡು ಹೊಕ್ಕ ಹೆಣ ಅವರದೇ ಕಾರಿನ ಹಿಂದಿನ ಸೀಟಿನಲ್ಲಿ ಪಕ್ಕದ ಸೀತಾಪುರ ಜಿಲ್ಲೆಯಲ್ಲಿ ಪೊಲೀಸರಿಗೆ ಸಿಕ್ಕಿತು. ಕಾರು ಓಡಿಸುತ್ತಿದ್ದವರು ಬಂಕಿನ ಕೆಲಸಗಾರರು.

ಮುಂದಿನದ್ದು ಬೇಗ ಹೇಳ್ತೀನಿ. ಐಐಎಂ ಗೆಳೆಯರು ಟ್ರಸ್ಟ್ ಕಟ್ಟಿ ಕೇಸಿನ ಬೆನ್ನು ಬಿದ್ದರು. 2007ರ ಮಾರ್ಚ್‌ನಲ್ಲಿ ಬಂಕ್ ಮಾಲೀಕನ ಮಗನಿಗೆ ಮರಣದಂಡನೆ, ಏಳು ಜನರಿಗೆ ಜೀವಾವಧಿ. 2009ರಲ್ಲಿ ಅಲಹಾಬಾದ್ ಹೈಕೋರ್ಟ್ ಮರಣದಂಡನೆಯನ್ನ ಜೀವಾವಧಿಗೆ ಇಳಿಸಿ ಇಬ್ಬರನ್ನ ಬಿಟ್ಟಿತು. 2015ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಉಳಿದ ಆರು ಜನರ ಶಿಕ್ಷೆ ಎತ್ತಿಹಿಡಿಯಿತು. ನಮ್ಮ ದೇಶದ ಲೆಕ್ಕದಲ್ಲಿ ಇದು ನ್ಯಾಯ ಸಿಕ್ಕ ಕೇಸು. ಗುಂಡು ಹೊಡೆದವರ ಮಟ್ಟಿಗೆ ಹೌದು.

ಮಾಧ್ಯಮಗಳು ಮಂಜುನಾಥ್‌ರನ್ನ ಅವರಿಗಿಂತ ಎರಡು ವರ್ಷ ಮೊದಲು ಗಯಾದಲ್ಲಿ ಕೊಲೆಯಾದ ಹೆದ್ದಾರಿ ಎಂಜಿನಿಯರ್ ಸತ್ಯೇಂದ್ರ ದುಬೆ ಜೊತೆ ಸೇರಿಸಿ ಇಬ್ಬರನ್ನೂ ವಿಷಲ್‌ಬ್ಲೋವರ್ ಅಂದವು. ವ್ಯತ್ಯಾಸ ಇದೆ. ದುಬೆ ಪ್ರಧಾನಿ ಕಚೇರಿಗೆ ಪತ್ರ ಬರೆದು ಹೆಸರು ಗುಟ್ಟಾಗಿಡಿ ಅಂತ ಕೇಳಿಕೊಂಡಿದ್ದರು, ಗುಟ್ಟು ಉಳಿಯಲಿಲ್ಲ. ಮಂಜುನಾಥ್ ಯಾವ ಗುಟ್ಟನ್ನೂ ಹೊರಗೆ ಹಾಕಿದವರಲ್ಲ. ಸಂಬಳಕ್ಕೆ ಒಪ್ಪಿಕೊಂಡ ಕೆಲಸ ಮಾಡಿದರು, ಅಷ್ಟೇ. 2012ರ ಮೇನಲ್ಲಿ ಬೆಂಗಳೂರಿನಲ್ಲಿ ಹಲ್ಲೆಗೊಳಗಾಗಿ ತೀರಿಕೊಂಡ ಎಸ್.ಪಿ. ಮಹಾಂತೇಶ್ ಕೂಡ ಸಹಕಾರ ಇಲಾಖೆಯ ಲೆಕ್ಕಪರಿಶೋಧನೆ ಅಧಿಕಾರಿ. ಲೆಕ್ಕ ನೋಡೋದೇ ಅವರ ಹುದ್ದೆ. ಇಂಥವರ ಹೆಸರು ಗುಟ್ಟಾಗಿಡೋದು ಹೇಗೆ? ವರದಿಯ ಕೆಳಗೇ ಇರುತ್ತಲ್ಲ.

ನಮ್ಮ ಬಳ್ಳಾರಿಯಲ್ಲಿ ನಡೆದದ್ದನ್ನ ಇದರ ಪಕ್ಕ ಇಟ್ಟು ನೋಡಿ. ಮಂಜುನಾಥ್ ಸತ್ತ ವರ್ಷಗಳಲ್ಲೇ ಇಲ್ಲಿ ಅದಿರಿನ ಲಾರಿಗಳು ರಸ್ತೆ ತುಂಬಿಕೊಂಡು ಹೋಗುತ್ತಿದ್ದವು. 2011ರಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ವರದಿ 16,085 ಕೋಟಿ ರೂಪಾಯಿ ನಷ್ಟ ಅಂತ ಲೆಕ್ಕ ಕೊಟ್ಟಿತು. ಪರ್ಮಿಟ್, ಲಾರಿ ತೂಕ, ಬಂದರಿನ ದಾಖಲೆ ಒಂದಕ್ಕೊಂದು ತಾಳೆ ನೋಡಿದ್ದು ಅರಣ್ಯ ಅಧಿಕಾರಿ ಯು.ವಿ. ಸಿಂಗ್ ಮತ್ತು ಅವರ ತಂಡ. ಅವರಿಗೂ ಅಪಾಯ ಇತ್ತು, ಆದರೆ ಅವರ ಸಹಿಯ ಹಿಂದೆ ಒಂದು ಸಂಸ್ಥೆ ನಿಂತಿತ್ತು. 2016ರಲ್ಲಿ ಸಿದ್ದರಾಮಯ್ಯ ಸರ್ಕಾರ ಎಸಿಬಿ ಮಾಡಿ ಆ ಸಂಸ್ಥೆಯ ಹಲ್ಲು ಕಿತ್ತದ್ದು, 2022ರಲ್ಲಿ ಹೈಕೋರ್ಟ್ ಎಸಿಬಿಯನ್ನೇ ರದ್ದು ಮಾಡಿದ್ದು ನಿಮಗೆ ಗೊತ್ತೇ ಇದೆ.

ದುಬೆ, ಮಂಜುನಾಥ್ ಹೆಸರು ಹೇಳಿಕೊಂಡೇ ಬಂದ ವಿಷಲ್‌ಬ್ಲೋವರ್ ರಕ್ಷಣಾ ಕಾಯ್ದೆಗೆ ರಾಷ್ಟ್ರಪತಿ ಅಂಕಿತ ಬಿದ್ದದ್ದು 2014ರ ಮೇನಲ್ಲಿ. ಅದೇ ತಿಂಗಳು ಮಂಜುನಾಥ್ ಜೀವನದ ಹಿಂದಿ ಸಿನಿಮಾ ಕೂಡ ಬಂತು. ಕಾಯ್ದೆ ಜಾರಿಯಾಗಬೇಕಾದರೆ ಕೇಂದ್ರ ಸರ್ಕಾರ ಒಂದು ದಿನಾಂಕ ಪ್ರಕಟಿಸಬೇಕು. ಅದನ್ನ ಮಾಡೋ ಬದಲು 2015ರಲ್ಲಿ ಕಾಯ್ದೆಯನ್ನ ತೆಳ್ಳಗೆ ಮಾಡೋ ತಿದ್ದುಪಡಿ ತಂದರು. ಲೋಕಸಭೆ ಒಪ್ಪಿತು, ರಾಜ್ಯಸಭೆ ದಾಟಲಿಲ್ಲ, 2019ಕ್ಕೆ ಅದೂ ಬಿದ್ದುಹೋಯಿತು. ಆ ದಿನಾಂಕ ಇನ್ನೂ ಪ್ರಕಟವಾಗಿಲ್ಲ.